ಹಳೆ ಮಠದಲ್ಲಿ 27 ತಿಂಗಳು

(ನಮ್ಮೂರ ವಾಚನಾಲಯದಲ್ಲಿ ಒಂದು ಶನಿವಾರ ಸಂಜೆ ಆಡಿದ ಮಾತು. ಕೈಯಲ್ಲಿ ಚೀಟಿ ಇತ್ತು, ಅರ್ಧಕ್ಕರ್ಧ ಅದನ್ನು ಬಿಟ್ಟೇ ಮಾತಾಡಿದೆ. ಬರೆಯುವಾಗ ಅಲ್ಲಲ್ಲಿ ಸರಿ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ರಾಯಭಾರ ಮಾಡಿದವನಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವನು. ನನಗೆ ಕೊಟ್ಟ ವಿಷಯ, ದೇಶ ದೇಶಗಳ ವ್ಯವಹಾರದಲ್ಲಿ ಗೆಳೆತನಕ್ಕೆ, ಸದ್ದಿಲ್ಲದ ಸಂಧಾನಕ್ಕೆ ಎಷ್ಟು ಶಕ್ತಿ ಇದೆ ಅಂತ. ಹತ್ತು ದೇಶದ ಹತ್ತು ಉದಾಹರಣೆ ಕೊಟ್ಟರೆ ನಿಮಗೂ ನಿದ್ದೆ, ನನಗೂ ಸುಸ್ತು. ಹಾಗಾಗಿ ಮುಖ್ಯವಾಗಿ ಒಂದೇ ಕಥೆ ಹೇಳುತ್ತೇನೆ. ಮೊಜಾಂಬಿಕ್ ಕಥೆ.

ಮೊಜಾಂಬಿಕ್ ಯಾಕೆ ಅಂದರೆ, ನಾನು ಮಂಗಳೂರಿನ ಕಡೆಯವನು. ನಮ್ಮ ದೊಡ್ಡಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು. ಬೀಜ ಒಡೆಯುವ ಕೆಲಸ. ಸಿಪ್ಪೆಯೊಳಗಿನ ಎಣ್ಣೆ ತಾಗಿದರೆ ಚರ್ಮ ಸುಟ್ಟುಹೋಗುತ್ತದೆ. ಅದಕ್ಕೇ ಕೈಗೆ ಬೂದಿ ಬಳಿದುಕೊಂಡು ಕೂರುತ್ತಿದ್ದರು. ಎಷ್ಟು ಬೂದಿ ಹಚ್ಚಿದರೂ ಬೆರಳ ತುದಿ ಮಾತ್ರ ಕಪ್ಪೇ. ಆ ಕಪ್ಪು ಬೆರಳಲ್ಲೇ ನಮಗೆ ಅನ್ನ ಕಲಸಿ ತುತ್ತು ಕೊಡುತ್ತಿದ್ದರು. ಊರ ಬೀಜ ಕಾರ್ಖಾನೆಗಳಿಗೆ ಸಾಕಾಗುತ್ತಿರಲಿಲ್ಲ. ಉಳಿದ ತಿಂಗಳಿಗೆ ಆಫ್ರಿಕಾದ ಪೂರ್ವ ಕರಾವಳಿಯ ಬೀಜ ಹಡಗಿನಲ್ಲಿ ಬರಬೇಕು. ಅದರಲ್ಲಿ ಮೊಜಾಂಬಿಕ್‌ನದೂ ಇರುತ್ತಿತ್ತು. ಹುಡುಗನಾಗಿದ್ದಾಗ ನನಗೆ ಮೊಜಾಂಬಿಕ್ ಅಂದರೆ ದೇಶದ ಹೆಸರು ಅಂತಲೇ ಗೊತ್ತಿರಲಿಲ್ಲ. ಅದೊಂದು ಜಾತಿಯ ಬೀಜ ಅಂದುಕೊಂಡಿದ್ದೆ.

1970ರ ದಶಕದ ಶುರುವಿನಲ್ಲಿ ಲೋಕದಲ್ಲೇ ಅತಿ ಹೆಚ್ಚು ಗೇರುಬೀಜ ಬೆಳೆಯುತ್ತಿದ್ದ ದೇಶ ಅದು. ಹತ್ತು ಹದಿನೈದು ವರ್ಷದಲ್ಲಿ ಆ ಬೆಳೆ ನೆಲ ಕಚ್ಚಿತು. ಕಾರಣ ಹಲವು, ಅದರಲ್ಲಿ ದೊಡ್ಡದು ಯುದ್ಧ. ಮರದಡಿ ಬಿದ್ದ ಬೀಜ ಹೆಕ್ಕಲು ಹೋದವರು ಮನೆಗೆ ವಾಪಸ್ ಬರುತ್ತಾರೆಂಬ ಖಾತ್ರಿ ಇರಲಿಲ್ಲ.

ಯುದ್ಧದ ಕಥೆ ಬೇಗ ಮುಗಿಸುತ್ತೇನೆ. ಮೊಜಾಂಬಿಕ್ ಪೋರ್ಚುಗೀಸರ ಕೈಯಲ್ಲಿತ್ತು. (1752ರವರೆಗೆ ಅದರ ಆಡಳಿತ ನಡೆಯುತ್ತಿದ್ದದ್ದು ಗೋವಾದಿಂದ. ನಮ್ಮ ಪಕ್ಕದ ಊರಿನಿಂದ ಅನ್ನಿ.) 1975ರ ಜೂನ್ 25ಕ್ಕೆ ಸ್ವಾತಂತ್ರ್ಯ ಬಂತು. ಹೋರಾಟ ಮಾಡಿದ ಫ್ರೆಲಿಮೊ ಪಕ್ಷ ಅಧಿಕಾರಕ್ಕೆ ಬಂತು, ಮಾರ್ಕ್ಸ್‌ವಾದದ ದಾರಿ ಹಿಡಿಯಿತು. ಪಕ್ಕದ ರೊಡೇಷ್ಯಾದ (ಈಗಿನ ಜಿಂಬಾಬ್ವೆ) ಬಿಳಿಯರ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಅವರ ಗುಪ್ತಚರರು ಕಟ್ಟಿ ಬೆಳೆಸಿದ ಬಂಡುಕೋರ ಪಡೆಯೇ ರೆನಾಮೊ. ಆಮೇಲೆ ಅದನ್ನು ಸಾಕಿದ್ದು ದಕ್ಷಿಣ ಆಫ್ರಿಕಾ. ಹಾಗಂತ ಎಲ್ಲವೂ ಹೊರಗಿನವರ ಕೈವಾಡ ಅಂದರೆ ಅದು ಅರ್ಧ ಸತ್ಯ. ಹಳ್ಳಿಗರನ್ನು ಬಲವಂತವಾಗಿ ಎಬ್ಬಿಸಿ ಬೇರೆ ಕಡೆ ಕೂರಿಸಿದ್ದು, ಊರಿನ ಮುಖ್ಯಸ್ಥರನ್ನು, ಚರ್ಚನ್ನು ಮೂಲೆಗೆ ತಳ್ಳಿದ್ದು, ಇದರಿಂದ ಜನರಿಗೂ ಸಿಟ್ಟಿತ್ತು. 1977ರಿಂದ 1992ರವರೆಗೆ ಸುಮಾರು ಹತ್ತು ಲಕ್ಷ ಜನ ಸತ್ತರು. ಗುಂಡಿಗಿಂತ ಜಾಸ್ತಿ ಜನರನ್ನು ಕೊಂದದ್ದು ಹಸಿವು, ರೋಗ.

ಸಂಧಾನ ನಡೆಯಲಿಲ್ಲವೇ? ನಡೆಯಿತು, ಭರ್ಜರಿಯಾಗಿಯೇ ನಡೆಯಿತು. 1984ರ ಮಾರ್ಚ್ 16ಕ್ಕೆ ಮೊಜಾಂಬಿಕ್ ಅಧ್ಯಕ್ಷ ಸಮೋರಾ ಮಶೆಲ್, ದಕ್ಷಿಣ ಆಫ್ರಿಕಾದ ಪಿ. ಡಬ್ಲ್ಯು. ಬೋಥಾ, ಇಬ್ಬರೂ ಎನ್ಕೊಮಾಟಿ ನದಿಯ ದಡದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಅತಿಥಿಗಳು, ಕ್ಯಾಮೆರಾಗಳು, ಕೈಕುಲುಕುವ ಫೋಟೋ. ನೀನು ನಮ್ಮ ಬಂಡುಕೋರರಿಗೆ ಸಹಾಯ ಮಾಡಬೇಡ, ನಾನು ನಿನ್ನ ವಿರೋಧಿಗಳಿಗೆ ಜಾಗ ಕೊಡಲ್ಲ, ಇಷ್ಟೇ ಅದರ ಸಾರ. ಮರುವರ್ಷ ಗೊರೊಂಗೋಸಾ ಕಾಡಿನ ರೆನಾಮೊ ನೆಲೆ ಸರ್ಕಾರದ ಕೈಗೆ ಬಿತ್ತು. ಅಲ್ಲಿ ಡೈರಿಗಳು ಸಿಕ್ಕವು. ಓದಿ ನೋಡಿದರೆ, ಸಹಿ ಹಾಕಿದ ಮೇಲೂ ದಕ್ಷಿಣ ಆಫ್ರಿಕಾದ ಸೇನೆ ಸಾಮಾನು ಸರಬರಾಜು ಮಾಡುತ್ತಲೇ ಇತ್ತು.

ನಮ್ಮ ಕಡೆ ತಾಳಮದ್ದಳೆಯಲ್ಲಿ ಕೃಷ್ಣ ಸಂಧಾನ ಎಷ್ಟು ಸಲ ಕೇಳಿಲ್ಲ ನಾವು! ಕೃಷ್ಣ ಒಂದು ಮಾತು ಹೇಳಿದರೆ ಕೌರವ ಹತ್ತು ಹೇಳುತ್ತಾನೆ. ಮಧ್ಯರಾತ್ರಿಯಾದರೂ ಜನ ಎದ್ದು ಹೋಗುವುದಿಲ್ಲ. ಅರ್ಥಗಾರಿಕೆ ಚೆನ್ನಾಗಿದ್ದಷ್ಟೂ ಸಂಧಾನ ಮುರಿಯುವುದು ಗಟ್ಟಿ. ನನಗೆ ಯಾವಾಗಲೂ ಅನ್ನಿಸುವುದು, ಆ ಮಾತುಕತೆ ತುಂಬಿದ ಸಭೆಯಲ್ಲಿ ನಡೆಯಿತಲ್ಲ, ಅದೇ ಎಡವಟ್ಟು. ಭೀಷ್ಮ ಕೂತಿದ್ದಾನೆ, ಕರ್ಣ ಕೂತಿದ್ದಾನೆ, ಶಕುನಿ ನೋಡುತ್ತಿದ್ದಾನೆ. ಅಷ್ಟು ಜನರೆದುರು ಕೌರವ ಐದು ಗ್ರಾಮ ಬಿಟ್ಟುಕೊಟ್ಟು ಆಸನದಲ್ಲಿ ಕೂರುವುದಾದರೂ ಹೇಗೆ? ಅದೂ ಅಲ್ಲದೆ ಸಂಧಾನಕ್ಕೆ ಬಂದವನು ಆ ಕಡೆಯವರ ಭಾವ. ತೋಟದ ಗಡಿ ಜಗಳಕ್ಕೆ ಪಂಚಾತಿಕೆ ಸೇರಿಸಿದವರಿಗೆ ಇದು ಗೊತ್ತು. ಹತ್ತು ಜನರೆದುರು ಒಂದಡಿ ಬಿಡದವನು, ರಾತ್ರಿ ಬೇಲಿ ಹತ್ತಿರ ಒಬ್ಬನೇ ಸಿಕ್ಕರೆ ಎರಡಡಿ ಬಿಡುತ್ತಾನೆ.

ಈಗ ರೋಮ್‌ಗೆ ಹೋಗೋಣ.

1968ರಲ್ಲಿ ಆಂದ್ರೆಯಾ ರಿಕ್ಕಾರ್ದಿ ಅನ್ನುವ ಹುಡುಗ ತನ್ನ ಸಹಪಾಠಿಗಳ ಜೊತೆ ಒಂದು ಗುಂಪು ಕಟ್ಟಿದ. ವಯಸ್ಸು 18. ಪ್ರಾರ್ಥನೆ ಮಾಡುವುದು, ನಗರದ ಅಂಚಿನ ಗುಡಿಸಲುಗಳಿಗೆ ಹೋಗಿ ಮಕ್ಕಳಿಗೆ ಪಾಠ ಹೇಳುವುದು. ಆಮೇಲೆ ಟ್ರಾಸ್ತೆವೆರೆ ಬಡಾವಣೆಯಲ್ಲಿ ಖಾಲಿ ಬಿದ್ದಿದ್ದ ಸನ್ಯಾಸಿನಿಯರ ಹಳೆ ಮಠವೊಂದು ಅವರಿಗೆ ಸಿಕ್ಕಿತು. ಆ ಮಠದ ಹೆಸರೇ ಗುಂಪಿಗೂ ಬಂತು, ಸಾಂತ್ ಎಜಿದಿಯೊ. ರಿಕ್ಕಾರ್ದಿ ಮುಂದೆ ಚರಿತ್ರೆಯ ಪ್ರಾಧ್ಯಾಪಕರಾದರು. (ನಮ್ಮ ಜಾತಿಯವರು!) ಅವರ ಬಳಿ ಸೈನ್ಯವಿಲ್ಲ, ತೈಲವಿಲ್ಲ, ಯಾರಿಗೂ ಸಾಲ ಕೊಡುವಷ್ಟು ದುಡ್ಡೂ ಇಲ್ಲ.

1976ರ ಸುಮಾರಿಗೆ ಮೊಜಾಂಬಿಕ್‌ನ ಒಬ್ಬ ಪಾದ್ರಿ ರೋಮ್‌ನಲ್ಲಿ ಓದುತ್ತಿದ್ದರು. ಜೈಮೆ ಗೊನ್ಸಾಲ್ವಿಸ್. ಮಂಗಳೂರಿನವರಿಗೆ ಈ ಹೆಸರು ಕೇಳಿದರೆ ಪಕ್ಕದ ಮನೆಯವರ ಹಾಗೆ ಅನ್ನಿಸಬೇಕು. ಅವರಿಗೆ ಈ ಹುಡುಗರ ಪರಿಚಯವಾಯಿತು. ಬಂದು ಹೋಗುವುದು, ಜೊತೆಗೆ ಪ್ರಾರ್ಥನೆ, ಮಾತು. ಅಷ್ಟೇ. ಇವರಿಂದ ಅವರಿಗೆ ಏನೂ ಆಗಬೇಕಿರಲಿಲ್ಲ, ಅವರಿಂದ ಇವರಿಗೂ ಇಲ್ಲ. ಆಮೇಲೆ ಅವರು ಬೈರಾ ನಗರದ ಬಿಷಪ್ ಆದರು, ಊರಿಗೆ ಹೋದರು. ಅಲ್ಲಿ ಹೊಸ ಸರ್ಕಾರ ಚರ್ಚಿನ ಶಾಲೆ, ಆಸ್ಪತ್ರೆಗಳನ್ನೆಲ್ಲ ವಶಕ್ಕೆ ತೆಗೆದುಕೊಂಡಿತ್ತು. ರೋಮ್‌ಗೆ ಬಂದಾಗಲೆಲ್ಲ ಗೆಳೆಯರ ಹತ್ತಿರ ಆ ಕಷ್ಟ ತೋಡಿಕೊಳ್ಳುತ್ತಿದ್ದರು.

ಗೆಳೆಯರು ಏನು ಮಾಡಬಹುದಿತ್ತು? ಯೋಚಿಸಿದರು. ಫ್ರೆಲಿಮೊದವರು ಯಾರ ಮಾತು ಕೇಳುತ್ತಾರೆ? ಇಟಲಿಯ ಕಮ್ಯುನಿಸ್ಟರ ಮಾತು. ಅಂದರೆ ಎನ್ರಿಕೊ ಬೆರ್ಲಿಂಗ್ವೆರ್ ಮಾತು. ಸರಿ, ಆಫ್ರಿಕಾದ ಬಿಷಪ್ಪನನ್ನು ಇಟಲಿಯ ಕಮ್ಯುನಿಸ್ಟ್ ನಾಯಕನ ಎದುರು ಕೂರಿಸಿದರು! 80ರ ದಶಕದ ಶುರುವಿನ ಮಾತಿದು. ಚರ್ಚಿನ ಮೇಲಿನ ಬಿಗಿ ಸ್ವಲ್ಪ ಸಡಿಲವಾಯಿತು. ಇವರು ಆಹಾರ, ಔಷಧ ಕಳಿಸಿದರು. ರಾಜಧಾನಿ ಮಪುಟೊದ ಮಂತ್ರಿಗಳ ಪರಿಚಯವೂ ಆಯಿತು. ಕೊಟ್ಟು ತಗೊಳ್ಳುವ ಲೆಕ್ಕ ಇಲ್ಲದ ಜನ ಎಂಬ ಹೆಸರು ಬಂತು.

ಗೊನ್ಸಾಲ್ವಿಸ್ ಆ ಕಡೆಯನ್ನೂ ಬಿಡಲಿಲ್ಲ. 1988ರಲ್ಲಿ ಗುಟ್ಟಾಗಿ ಕಾಡಿಗೆ ಹೋಗಿ ರೆನಾಮೊ ನಾಯಕ ಅಫೋನ್ಸೊ ಧ್ಲಾಕಾಮಾರನ್ನು ಕಂಡರು. ಬಿಷಪ್ಪರೂ ಎನ್‌ಡಾವ್ ಜನಾಂಗದವರು, ಬಂಡುಕೋರ ನಾಯಕನೂ ಎನ್‌ಡಾವ್. ಹೊರಗಿನವರಿಗೆ ಆತ ಕಗ್ಗಾಡಿನ ಕೊಲೆಗಡುಕ. ಬಿಷಪ್ಪರಿಗೆ ನಮ್ಮ ಸೊಫಾಲಾ ಕಡೆಯ ಹುಡುಗ. ಪೋರ್ಚುಗೀಸ್ ಭಾಷೆಯಲ್ಲಿ ಭಾಷಣ ಹೊಡೆಯಬಹುದು, ಮನೆ ಮಾತಿನಲ್ಲಿ ಭಾಷಣ ಹೊಡೆಯುವುದು ಕಷ್ಟ. ಈ ಮನುಷ್ಯನಿಗೂ ಯುದ್ಧ ಸಾಕಾಗಿದೆ ಎಂಬ ಸುಳಿವು ಹಿಡಿದೇ ಬಿಷಪ್ಪರು ವಾಪಸ್ ಬಂದದ್ದು.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಇವತ್ತು ನಾನು ಹೇಳಬೇಕು ಅಂತ ಬಂದದ್ದೇ ಇದು. 1976ರಲ್ಲಿ ಆ ಹುಡುಗರು "ಈ ಪಾದ್ರಿ ಮುಂದೆ ಉಪಯೋಗಕ್ಕೆ ಬರುತ್ತಾರೆ" ಅಂತ ಲೆಕ್ಕ ಹಾಕಿ ಸ್ನೇಹ ಮಾಡಿದ್ದರೆ, 1990ರಲ್ಲಿ ಅದು ಉಪಯೋಗಕ್ಕೆ ಬರುತ್ತಲೇ ಇರಲಿಲ್ಲ ಅಂತ ನನ್ನ ನಂಬಿಕೆ. ಲೆಕ್ಕದ ಸ್ನೇಹದ ವಾಸನೆ ಎಲ್ಲರಿಗೂ ಗೊತ್ತಾಗುತ್ತದೆ. ಅದರಲ್ಲೂ ಹದಿನೈದು ವರ್ಷ ಕಾಡಿನಲ್ಲಿ ಹೊಂಚು ಹಾಕಿ ಬದುಕಿದವರಿಗೆ ಬೇಗ ಗೊತ್ತಾಗುತ್ತದೆ. ವಿದೇಶಾಂಗ ಇಲಾಖೆಗಳಲ್ಲಿ ಈಗ ಇದಕ್ಕೂ ತರಬೇತಿ ಇದೆ, ಸಂಬಂಧ ಬೆಳೆಸುವುದು ಹೇಗೆ ಅಂತ. ಇರಲಿ. ತರಬೇತಿಯಿಂದ ಪರಿಚಯ ಬೆಳೆಯುತ್ತದೆ.

1990ಕ್ಕೆ ಬರೋಣ. ಕೀನ್ಯಾ, ಜಿಂಬಾಬ್ವೆ ಎರಡೂ ಮಧ್ಯಸ್ಥಿಕೆಗೆ ಕೈ ಹಾಕಿ ನೋಡಿದ್ದವು. ಒಂದನ್ನು ಕಂಡರೆ ಫ್ರೆಲಿಮೊಗೆ ಅನುಮಾನ, ಇನ್ನೊಂದನ್ನು ಕಂಡರೆ ರೆನಾಮೊಗೆ. ಜೂನ್‌ನಲ್ಲಿ ಮಲಾವಿಯಲ್ಲಿ ಸೇರುವುದು ಅಂತಾಯಿತು. ಸರ್ಕಾರದವರು ಹೋಗಿ ಕಾದರು. ರೆನಾಮೊದವರು ಬರಲೇ ಇಲ್ಲ. ಕೊನೆಗೆ ಇಬ್ಬರೂ ಒಪ್ಪಿದ ಜಾಗ ರೋಮ್‌ನ ಆ ಹಳೆ ಮಠ.

ಜುಲೈ 8, 1990. ಸರ್ಕಾರದ ಕಡೆಯಿಂದ ಮಂತ್ರಿ ಅರ್ಮಾಂಡೊ ಗೆಬುಝಾ, ರೆನಾಮೊ ಕಡೆಯಿಂದ ರಾವುಲ್ ಡೊಮಿಂಗೊಸ್. ಕೂತವರಲ್ಲಿ ಈ ನಾಲ್ವರೂ ಇದ್ದರು: ರಿಕ್ಕಾರ್ದಿ, 34 ವರ್ಷದ ಪಾದ್ರಿ ಮತ್ತೆಯೊ ಝುಪ್ಪಿ, ಬಿಷಪ್ ಗೊನ್ಸಾಲ್ವಿಸ್, ಇಟಲಿ ಸರ್ಕಾರದ ಪರವಾಗಿ ಮಾರಿಯೊ ರಫಯೆಲ್ಲಿ. ಒಬ್ಬ ಮೇಷ್ಟ್ರು, ಇಬ್ಬರು ಪಾದ್ರಿಗಳು, ಒಬ್ಬ ಸಂಸತ್ ಸದಸ್ಯ. ವಿಚಿತ್ರ ಅಂದರೆ ಆಗ ಇವರು ಮಧ್ಯಸ್ಥರೂ ಅಲ್ಲ. ಕಾಗದದ ಮೇಲೆ ಬರೀ ವೀಕ್ಷಕರು. ನಾವು ಬಗೆಹರಿಸುತ್ತೇವೆ ಅಂತ ಎದೆ ತಟ್ಟಿಕೊಳ್ಳಲಿಲ್ಲ. ಜಾಗ ಕೊಟ್ಟರು, ಬಾಗಿಲು ತೆಗೆದರು, ಕೂತರು. ಮಧ್ಯಸ್ಥ ಯಾರಾಗಬೇಕು ಎಂಬ ಜಗ್ಗಾಟ ತಿಂಗಳುಗಟ್ಟಲೆ ನಡೆದು, ಕೊನೆಗೆ ಎರಡೂ ಕಡೆಯವರೇ "ಈ ನಾಲ್ವರೇ ಆಗಲಿ ಬಿಡಿ" ಅಂದರು.

ಮೂರು ದಿನದ ಮೊದಲ ಸುತ್ತಿನಲ್ಲಿ ಕದನವಿರಾಮವಿಲ್ಲ, ಚುನಾವಣೆಯಿಲ್ಲ, ಯಾವ ದೊಡ್ಡ ವಿಷಯವೂ ಇತ್ಯರ್ಥವಾಗಲಿಲ್ಲ. ಹೊರಬಿದ್ದದ್ದು ಒಂದು ಸಣ್ಣ ಜಂಟಿ ಹೇಳಿಕೆ. ನಾವು ಒಂದೇ ದೇಶದವರು, ಮೊಜಾಂಬಿಕ್ ಎಂಬ ದೊಡ್ಡ ಮನೆತನದವರು ಅಂತ ಅದರಲ್ಲಿತ್ತು. ಇಷ್ಟಕ್ಕೆ ಮೂರು ದಿನವಾ? ಹೌದು, ಸ್ವಾಮಿ. ಅಲ್ಲಿಯವರೆಗೆ ಸರ್ಕಾರದ ಭಾಷೆಯಲ್ಲಿ ರೆನಾಮೊದವರಿಗೆ ಇದ್ದ ಹೆಸರು "ಆಯುಧ ಹಿಡಿದ ಡಕಾಯಿತರು". ಡಕಾಯಿತರ ಜೊತೆ ಸರ್ಕಾರ ಒಪ್ಪಂದ ಮಾಡಿಕೊಳ್ಳಲು ಬರುವುದಿಲ್ಲ, ಮನೆಯವರ ಜೊತೆ ಬರುತ್ತದೆ. ಆ ಒಂದು ಸಾಲಿನ ಮೇಲೆ ಮುಂದಿನ ಅಷ್ಟೂ ಕಾಗದ ನಿಂತಿತು.

ಆಮೇಲೆ 27 ತಿಂಗಳು ಎಳೆಯಿತು. ಮುರಿಯುವುದು, ಹೋಗುವುದು, ಮತ್ತೆ ಬರುವುದು. 1990ರ ಡಿಸೆಂಬರ್ 1ಕ್ಕೆ ಒಂದು ತುಂಡು ಒಪ್ಪಂದವಾಯಿತು. ಬೈರಾ ಮತ್ತು ಲಿಂಪೊಪೊ ರೈಲು ದಾರಿಗಳ ಮೇಲೆ ರೆನಾಮೊ ದಾಳಿ ಮಾಡುವುದಿಲ್ಲ, ಸರ್ಕಾರದ ನೆರವಿಗೆ ಬಂದ ಜಿಂಬಾಬ್ವೆ ಸೈನಿಕರು ಆ ದಾರಿ ಬಿಟ್ಟು ಆಚೆ ಹೋಗುವುದಿಲ್ಲ. ಅಂಥ ಚೂರುಗಳನ್ನೇ ಒಂದೊಂದಾಗಿ ಜೋಡಿಸಿದರು. ಹೆಚ್ಚಿನ ದಿನ ಪತ್ರಕರ್ತರಿಗೆ ಬರೆಯಲು ಏನೂ ಇರುತ್ತಿರಲಿಲ್ಲ. ಅದು ಪತ್ರಕರ್ತರ ಕಷ್ಟ, ಮಾತುಕತೆಗೆ ಒಳ್ಳೆಯದೇ ಆಯಿತು. ಆತಿಥೇಯರಿಗೆ ಚುನಾವಣೆಯ ತಾರೀಕಿರಲಿಲ್ಲ, ವಾಪಸ್ ಹೋಗುವ ವಿಮಾನದ ಟಿಕೆಟ್ ಇರಲಿಲ್ಲ. ಅವರದು ಅದೇ ಊರು, ಅದೇ ಮನೆ. ತಡವಾದರೆ ತಡವಾಗಲಿ ಅನ್ನುವ ಸೌಕರ್ಯ ಯಾವ ವಿದೇಶಾಂಗ ಮಂತ್ರಿಗಿದೆ ಹೇಳಿ?

1992ರ ಅಕ್ಟೋಬರ್ 4. ಅಧ್ಯಕ್ಷ ಜೊವಾಕಿಂ ಚಿಸ್ಸಾನೊ ಮತ್ತು ಧ್ಲಾಕಾಮಾ ರೋಮ್‌ನಲ್ಲಿ ಸಹಿ ಹಾಕಿದರು. ಮೊಜಾಂಬಿಕ್‌ನಲ್ಲಿ ಇವತ್ತಿಗೂ ಆ ದಿನ ಸರ್ಕಾರಿ ರಜೆ.

ಇಷ್ಟಕ್ಕೇ ನಿಲ್ಲಿಸಿದರೆ ನೀವು ಚಪ್ಪಾಳೆ ತಟ್ಟುತ್ತೀರಿ, ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ಗೆಳೆತನ ಒಂದರಿಂದಲೇ ಇದಾಗಲಿಲ್ಲ. ಶೀತಲ ಸಮರ ಮುಗಿದಿತ್ತು, ಸೋವಿಯತ್ ಒಕ್ಕೂಟದ ಸಹಾಯ ಬತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ 1990ರ ಫೆಬ್ರುವರಿಯಲ್ಲೇ ಮಂಡೇಲಾ ಜೈಲಿನಿಂದ ಹೊರಬಂದಿದ್ದರು, ಅಲ್ಲಿಯ ಸರ್ಕಾರಕ್ಕೆ ತನ್ನ ಮನೆಯದ್ದೇ ಚಿಂತೆ. 1992ರಲ್ಲಿ ಭಾರೀ ಬರ ಬಂತು, ಕಾಡಿನಲ್ಲಿದ್ದ ಪಡೆಗೂ ತಿನ್ನಲು ಇರಲಿಲ್ಲ. ದುಡ್ಡಿನ ಪಾತ್ರವೂ ಇತ್ತು. ಖರ್ಚು ವಹಿಸಿಕೊಂಡದ್ದು ಹೆಚ್ಚಾಗಿ ಇಟಲಿ ಸರ್ಕಾರ. ಬ್ರಿಟನ್ನಿನ ಲೋನ್ರೊ ಕಂಪನಿಯ ಟೈನಿ ರೋಲೆಂಡ್ ತಮ್ಮ ವಿಮಾನವನ್ನೇ ಧ್ಲಾಕಾಮಾ ಓಡಾಟಕ್ಕೆ ಕೊಟ್ಟರು. ಅವರ ವ್ಯಾಪಾರ ಮೊಜಾಂಬಿಕ್‌ನಲ್ಲಿತ್ತು, ಗೊತ್ತಾಯ್ತಲ್ಲ. ಆಮೇಲೆ ರೆನಾಮೊ ರಾಜಕೀಯ ಪಕ್ಷವಾಗಲಿ ಅಂತ ವಿಶ್ವಸಂಸ್ಥೆಯ ಮೂಲಕ ಒಂದು ನಿಧಿಯನ್ನೇ ಮಾಡಿದರು. ಬಂದೂಕು ಕೆಳಗಿಡಲು ಲಂಚ ಅಂತ ಮೂಗು ಮುರಿದವರುಂಟು. ನನ್ನ ಕೇಳಿದರೆ ಯುದ್ಧಕ್ಕಿಂತ ಅಗ್ಗ. ಕಾವಲಿಗೆ ಹೋದ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಸೈನಿಕರೂ ಇದ್ದರು. 1994ರ ಅಕ್ಟೋಬರ್‌ನಲ್ಲಿ ಚುನಾವಣೆ ನಡೆಯಿತು. ಚಿಸ್ಸಾನೊ ಗೆದ್ದರು. ರೆನಾಮೊಗೆ ಸಂಸತ್ತಿನ 250ರಲ್ಲಿ 112 ಸೀಟು ಬಂತು.

ಹಾಗಾದರೆ ಗೆಳೆತನ ಮಾಡಿದ್ದೇನು? ಯುದ್ಧ ಸಾಕು ಅನ್ನಿಸಿದ ಹೊತ್ತಿಗೆ, "ಸಾಕು" ಅಂತ ಬಾಯಿಬಿಟ್ಟು ಹೇಳಲು ಒಂದು ಮನೆ ಬೇಕಲ್ಲ. ಶತ್ರುವಿನೆದುರು ಹೇಳಿದರೆ ಸೋತ ಹಾಗೆ, ಸ್ವಂತ ಪಡೆಯೆದುರು ಹೇಳಿದರೆ ದ್ರೋಹ. ಆ ಮನೆ ಯುದ್ಧ ಮುಗಿಯುವ ಎಷ್ಟೋ ವರ್ಷ ಮೊದಲೇ, ಬೇರೇನೋ ಕಾರಣಕ್ಕೆ ತಯಾರಾಗಿತ್ತು.

ಇದರ ಪಕ್ಕದಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ತೀನಿಯರ ನಡುವಿನ ಓಸ್ಲೋ ಒಪ್ಪಂದ ಇಟ್ಟು ನೋಡಬೇಕು. ಎಲ್ಲರಿಗೂ ಗೊತ್ತಿರುವುದು 1993ರ ಸೆಪ್ಟೆಂಬರ್ 13ರ ಫೋಟೋ, ಶ್ವೇತಭವನದ ಹುಲ್ಲುಹಾಸಿನ ಮೇಲೆ ಇಸ್ರೇಲ್ ಪ್ರಧಾನಿ ರಬಿನ್, ಪ್ಯಾಲೆಸ್ತೀನಿಯರ ನಾಯಕ ಅರಾಫತ್ ಕೈಕುಲುಕಿದ್ದು. ಶುರುವಾದದ್ದು ಅದೇ ವರ್ಷದ ಜನವರಿಯಲ್ಲಿ, ನಾರ್ವೆಯ ಸಾರ್ಪ್ಸ್‌ಬೋರ್ಗ್ ಹತ್ತಿರದ ಒಂದು ಬಂಗಲೆಯಲ್ಲಿ. ಇಸ್ರೇಲಿನ ಇಬ್ಬರು ವಿದ್ವಾಂಸರು, ಪ್ಯಾಲೆಸ್ತೀನಿಯರ ಕಡೆ ಅಹ್ಮದ್ ಕುರೈ. ಅವರನ್ನು ಕರೆಸಿದ ನಾರ್ವೆಯ ಟೆರ್ಯೆ ರೋಡ್-ಲಾರ್ಸನ್ ಮಾತುಕತೆಯ ಕೋಣೆಗೆ ಕಾಲಿಡುತ್ತಿರಲಿಲ್ಲ. ಊಟ ಮಾತ್ರ ಎಲ್ಲರೂ ಒಂದೇ ಮೇಜಿನಲ್ಲಿ. ನಾರ್ವೆಯ ವಿದೇಶಾಂಗ ಮಂತ್ರಿ ಹೋಲ್ಸ್ಟ್ ಅವರ ಪುಟ್ಟ ಮಗ ನೆಲದಲ್ಲಿ ಆಡುತ್ತಿದ್ದರೆ ಎರಡೂ ಕಡೆಯವರು ಅವನ ಜೊತೆ ಕೂತು ಆಡುತ್ತಿದ್ದರು. ಆಗಸ್ಟಿನ ಒಂದು ರಾತ್ರಿ ಸ್ಟಾಕ್‌ಹೋಮ್‌ನಿಂದ ಹೋಲ್ಸ್ಟ್ ಟ್ಯೂನಿಸ್‌ನಲ್ಲಿದ್ದ ಅರಾಫತ್‌ಗೆ ಫೋನ್ ಹಿಡಿದರು, ಇಸ್ರೇಲಿನ ವಿದೇಶಾಂಗ ಮಂತ್ರಿ ಪೆರೆಸ್ ಅಲ್ಲೇ ಇದ್ದರು. ಗಂಟೆಗಟ್ಟಲೆ ಒಂದೊಂದು ಪದಕ್ಕೆ ಚೌಕಾಸಿ ಮಾಡಿ ಬೆಳಗಿನ ಜಾವ ಮುಗಿಸಿದರು.

ಸ್ನೇಹಕ್ಕೆ ಅಲ್ಲೇನೂ ಕೊರತೆ ಇರಲಿಲ್ಲ. ಆದರೂ ಅದು ನಿಲ್ಲಲಿಲ್ಲ. 1995ರ ನವೆಂಬರ್ 4ಕ್ಕೆ ರಬಿನ್‌ರನ್ನು ಅವರ ದೇಶದವನೇ ಕೊಂದ. ಬಸ್ಸಿನಲ್ಲಿ ಬಾಂಬುಗಳು ಸಿಡಿದವು, ಪ್ಯಾಲೆಸ್ತೀನಿಯರ ನೆಲದಲ್ಲಿ ಇಸ್ರೇಲಿನ ವಸಾಹತುಗಳು ಬೆಳೆಯುತ್ತಲೇ ಹೋದವು. ಜೆರುಸಲೇಮ್, ನಿರಾಶ್ರಿತರು, ಗಡಿ, ಕಷ್ಟದ್ದೆಲ್ಲ ಮುಂದಕ್ಕೆ ತಳ್ಳಿದ್ದರು. ಗುಟ್ಟಾಗಿ ಮಾಡಿದ್ದರ ಇನ್ನೊಂದು ಮುಖ ಇದು. ಕೋಣೆಯೊಳಗಿನ ಹತ್ತು ಜನ ಗೆಳೆಯರಾದರು, ಹೊರಗಿನ ಲಕ್ಷಾಂತರ ಜನರಿಗೆ ಸುದ್ದಿ ತಿಳಿದದ್ದು ಟೀವಿಯಲ್ಲಿ. ಮೊಜಾಂಬಿಕ್‌ನಲ್ಲಿ ಕೋಣೆಯ ಹೊರಗಿದ್ದವರು ಇನ್ನೂ ಮೊದಲೇ ದಣಿದಿದ್ದರು.

ಮೊಜಾಂಬಿಕ್ ಕೂಡ ಸುಖಾಂತ್ಯವಲ್ಲ. 2013ರಲ್ಲಿ ಮತ್ತೆ ಗುಂಡಿನ ಸದ್ದು. ಧ್ಲಾಕಾಮಾ ಅದಾಗಲೇ ಮತ್ತೆ ಗೊರೊಂಗೋಸಾ ಸೇರಿದ್ದರು. ಸಮಿತಿಗಳು, ಮಧ್ಯಸ್ಥರು ಬಂದು ಹೋದರು. ಕೊನೆಗೆ ಅಧ್ಯಕ್ಷ ಫಿಲಿಪೆ ನ್ಯೂಸಿ ಸ್ವತಃ ಫೋನಿನಲ್ಲಿ ಮಾತಾಡತೊಡಗಿದರು. 2017ರ ಆಗಸ್ಟಿನಲ್ಲಿ ಒಂದು ದಿನ ಹೇಳದೆ ಕೇಳದೆ ಆ ಕಾಡಿಗೇ ಹೋದರು, ಕೈಕುಲುಕಿದರು. ಮರುವರ್ಷ ಧ್ಲಾಕಾಮಾ ತೀರಿಕೊಂಡರು. ಒಪ್ಪಂದ 2019ರಲ್ಲಿ ಆಯಿತು, ರೆನಾಮೊದ ಕೊನೆಯ ನೆಲೆ ಮುಚ್ಚಿದ್ದು 2023ರಲ್ಲಿ. ಅಷ್ಟರಲ್ಲಿ ದೇಶದ ಉತ್ತರದ ತುದಿಯಲ್ಲಿ ಬೇರೆಯದೇ ಬೆಂಕಿ ಹತ್ತಿತ್ತು, ಇಸ್ಲಾಮಿ ಉಗ್ರರ ದಂಗೆ. ಅಲ್ಲಿ ಹಾಗೆ ಹೋಗಿ ಮಾತಾಡಿಸಲು ಎದುರಿಗೆ ಯಾರು ಅನ್ನುವುದೇ ಗೊಂದಲ.

ಮಾತು ಮುಗಿಸಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಕೇಳಿದಳು: "ಸರ್, ಈಗಿನ ಕಾಲದಲ್ಲಿ ಇದೆಲ್ಲ ನಡೆಯುತ್ತಾ? ಎಲ್ಲರ ಕೈಯಲ್ಲೂ ಫೋನಿದೆ, ಗುಟ್ಟು ಎಲ್ಲಿ ಉಳಿಯುತ್ತೆ?"

ಆಗ ತೋಚಿದ್ದನ್ನು ಹೇಳಿದೆ. 1990ರ ಆ 34 ವರ್ಷದ ಪಾದ್ರಿ ಝುಪ್ಪಿ ಈಗ ಬೊಲೊನ್ಯಾ ನಗರದ ಕಾರ್ಡಿನಲ್. ಉಕ್ರೇನ್ ಯುದ್ಧ ಶುರುವಾದ ಮೇಲೆ, 2023ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಕೀವ್‌ಗೆ ಕಳಿಸಿದರು. ಆಮೇಲೆ ಮಾಸ್ಕೋ, ವಾಷಿಂಗ್ಟನ್, ಬೀಜಿಂಗ್. ಯುದ್ಧ ನಿಲ್ಲಲಿಲ್ಲ. ನಿಲ್ಲಿಸುತ್ತೇನೆ ಅಂತ ಅವರೂ ಹೇಳಿರಲಿಲ್ಲ. ರಷ್ಯಾಕ್ಕೆ ಒಯ್ದ ಉಕ್ರೇನಿನ ಮಕ್ಕಳ ಹೆಸರಿನ ಪಟ್ಟಿ, ಸೆರೆ ಸಿಕ್ಕ ಸೈನಿಕರ ಪಟ್ಟಿ ಈ ಕಡೆಯಿಂದ ಆ ಕಡೆಗೆ ಹೋಗುವ ಒಂದು ದಾರಿ ಮಾತ್ರ ಆಯಿತು. ಪಟ್ಟಿಯಲ್ಲಿದ್ದ ಕೆಲವರು ಮನೆಗೆ ಬಂದಿದ್ದಾರೆ.

"ಕೆಲವರೇನಾ?" ಅಂದಳು.

"ಹೌದಮ್ಮಾ, ಕೆಲವರು" ಅಂದೆ. ಅಷ್ಟರಲ್ಲಿ ವಾಚನಾಲಯದವರು ಚಹಾ ತಂದರು.